ಹೊತ್ತಿಗೆ ಮೊದಲೇ ಹಚ್ಚಿದ ದೀಪ

ನಾರಾಯಣಪೇಟೆಯವರಿಗೆ ತಾಳ್ಮೆ ಹೆಚ್ಚು ಎನ್ನುತ್ತಾರೆ. ಸುಳ್ಳು. ನಮ್ಮೂರ ಹೆಸರಿನ ರೈಲು ನಿಲ್ದಾಣ ರಾಜ್ಯದ ಗಡಿಯಾಚೆ ಸೈದಾಪುರದಲ್ಲಿತ್ತು. ಇಳಿದವರು ಊರೆಲ್ಲಿ ಎಂದು ಕೇಳಿಕೊಂಡು ಬಸ್ಸು ಹಿಡಿಯಬೇಕಿತ್ತು. ಗದ್ವಾಲಿಗೆ ಅಜ್ಜನ ಕಾಲಕ್ಕೇ ರೈಲಿತ್ತು. ನಮ್ಮ ಪಕ್ಕದ ಮಕ್ತಲಿಗೆ ಬರುತ್ತದೆ, ಬರುತ್ತದೆ ಎನ್ನುವುದರಲ್ಲೇ ನನ್ನ ಕೂದಲು ನರೆಯಿತು. ಜೂರಾಲ ಅಣೆಕಟ್ಟಿನಲ್ಲಿ ಹುಟ್ಟುವ ಕರೆಂಟು ನಮ್ಮ ಓಣಿಗೆ ಬರುವಷ್ಟರಲ್ಲಿ ದಣಿದು ಮಲಗಿರುತ್ತದೆ. ತಾಳ್ಮೆ ಎಲ್ಲಿಂದ ಬರಬೇಕು?

ಕೊನೆಗೂ ಮಕ್ತಲಿಗೆ ರೈಲು ಬಂತು. ಅದಾದ ಮೇಲೆ ರಾಯಚೂರಿನಲ್ಲಿ ನನ್ನ ತಂಗಿಯ ಮಗಳ ಮದುವೆ ನಿಶ್ಚಯವಾಯಿತು. ಮೊಮ್ಮಗಳ ಧಾರೆ ಸೀರೆ ತಾನೇ ನೇಯುತ್ತೇನೆಂದು ಅಪ್ಪ ಮಗ್ಗದ ಮುಂದೆ ಕೂತ. ಕಣ್ಣು ಮಂಜು, ತಲೆಯ ಮೇಲೆ ಬಲ್ಬ್ ಉರಿದರೆ ಮಾತ್ರ ಅಂಚಿನ ಎಳೆ ಕಾಣುತ್ತಿತ್ತು. ಕರೆಂಟು ಹೋದಾಗಲೆಲ್ಲ ಲಾಳಿ ನಿಲ್ಲುತ್ತಿತ್ತು, ನನ್ನ ಬೈಗುಳ ಶುರುವಾಗುತ್ತಿತ್ತು.

ಮದುವೆಯ ಹಿಂದಿನ ಮಧ್ಯಾಹ್ನ ಸೆರಗು ಇನ್ನೂ ನಾಲ್ಕು ಬೆರಳು ಉಳಿದಿತ್ತು. ಸಂಜೆಯ ರೈಲಿಗೆ ನಾವು ಮೂವರೂ ಹೊರಡಬೇಕು. ಮೋಡ ಕವಿಯಿತು, ಕರೆಂಟು ಹೋಯಿತು. ಅಮ್ಮ ದೇವರ ಮುಂದಿನ ಎಣ್ಣೆ ದೀಪವನ್ನೇ ಹಚ್ಚಿ ತಂದು ಮಗ್ಗದ ಹತ್ತಿರ ಹಿಡಿದಳು. ಅಪ್ಪ ಸೆರಗು ಮುಗಿಸಿದ. ನಾನು ಕತ್ತರಿ ಚಾಚಿದೆ.

“ದೀಪ ಹಚ್ಚಿದ ಮ್ಯಾಲ ಮಗ್ಗದ ಸೀರಿ ಕೊಯ್ಯಂಗಿಲ್ಲ,” ಎಂದ.

“ಇನ್ನಾ ಹೊತ್ತ ಮುಳುಗಿಲ್ಲಪ್ಪ! ಬಲ್ಬ್ ಹಚ್ಚಿಕೊಂಡು ಎಷ್ಟ ಸೀರಿ ಕೊಯ್ದಿಲ್ಲ ನೀ?”

“ಬಲ್ಬಿಗೆ ಯಾರು ಕೈ ಮುಗೀತಾರ? ಇದು ದೇವರ ದೀಪ ಐತಿ. ಈಗ ಕೊಯ್ದರ ಉಟ್ಟಾಕಿಗೆ ಒಳ್ಳೇದಾಗಂಗಿಲ್ಲ. ಬೆಳಿಗ್ಗೆ ಕೊಯ್ಯೋಣು.”

“ಅದೂ ಖರೇನ ಐತಿ ಬಿಡು,” ಎಂದಳು ಅಮ್ಮ. ದೀಪ ಹಚ್ಚಿದವಳು ಅವಳೇ!

ನನಗೆ ಮೈಯೆಲ್ಲ ಉರಿಯಿತು. “ಮುಹೂರ್ತ ನಸುಕಿನಾಗ ಐತಿ. ರೈಲು ತಪ್ಪಿದರ ಧಾರಿನೂ ತಪ್ಪತೈತಿ,” ಎಂದೆ.

“ತಪ್ಪಲಿ,” ಎಂದ.

ಇಷ್ಟು ವರ್ಷ ಕಾದ ರೈಲು ನಮ್ಮನ್ನು ಬಿಟ್ಟು ಹೋಯಿತು. ಬೆಳಕು ಹರಿದ ಮೇಲೆ ಸೀರೆ ಕೊಯ್ದು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನನ್ನ ಬಾಯಿ ನಿಲ್ಲಲಿಲ್ಲ. ನಾವು ರಾಯಚೂರು ಮುಟ್ಟುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ಹುಡುಗಿ ಅಂಗಡಿಯ ಸೀರೆಯಲ್ಲೇ ಧಾರೆಗೆ ನಿಂತಿದ್ದಳಂತೆ. ನಮ್ಮನ್ನು ನೋಡಿದ್ದೇ ಒಳಗೆ ಹೋಗಿ, ಅಪ್ಪನ ಸೀರೆ ಉಟ್ಟು ಬಂದು ಕಾಲಿಗೆರಗಿದಳು.

ಅಪ್ಪ ಅಕ್ಷತೆಗೆ ಕೈ ಚಾಚಿದ. ತಟ್ಟೆಯನ್ನು ಆಗಲೇ ಎತ್ತಿಟ್ಟಿದ್ದರು.

“ಮಂದಿ ಮದಿವಿಗೆಲ್ಲ ಧಾರಿ ಸೀರಿ ನೇಯ್ದೆ. ನನ್ನ ಸೀರಿ ಮ್ಯಾಲ ಅಕ್ಷತಿ ಬೀಳೋದು ಒಮ್ಮೆರ ನೋಡಬೇಕಂತಿದ್ದೆ,” ಎಂದ.

ಇದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ಆಸೆ ಇಟ್ಟುಕೊಂಡೂ ನಿನ್ನೆ “ತಪ್ಪಲಿ” ಎಂದುಬಿಟ್ಟಿದ್ದನಲ್ಲ! ಸಿಟ್ಟು ಇನ್ನೂ ಹೆಚ್ಚಾಯಿತು. ಅವನು ಕೆಳಗೆ ಕೂತು, ಜಮಖಾನೆಯ ಮೇಲೆ ಚೆಲ್ಲಿದ್ದ ಅಕ್ಷತೆಗಾಗಿ ಬೆರಳಾಡಿಸತೊಡಗಿದ. ಮಂಜು ಕಣ್ಣಿಗೆ ಒಂದು ಕಾಳೂ ಸಿಗುತ್ತಿರಲಿಲ್ಲ.

“ಸರಿ ಅತ್ತಾಗ,” ಎಂದು ಗದರಿ, ನಾನೂ ಕೂತು, ಒಂದೊಂದೇ ಕಾಳು ಆರಿಸಿ ಅವನ ಅಂಗೈಗೆ ಹಾಕಿದೆ.