ಸಾಯ್ಬನಿಗೆ ಜೋಡಿ ಕಾಲು

ಧಾರವಾಡದಲ್ಲಿ ಬೆಳಗಿನ ಬಸ್ಸು ಹತ್ತಿ ಅನಮೋಡ ಘಾಟಿ ಇಳಿಯುವಷ್ಟರಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗೋವೆಯ ಚಿಂಬಲ್‌ನಲ್ಲಿರುವ ತಂಗಿ ಶಾಂತಾಳ ಗಂಡ ಈರಪ್ಪ ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಬಿದ್ದು ಬಲಗಾಲು ಮುರಿದುಕೊಂಡಿದ್ದ. ಮರುದಿನ ಪ್ಲಾಸ್ಟರ್ ಬಿಚ್ಚುವವರಿದ್ದರು. ಕಾಲು ನೆಟ್ಟಗಾದರೆ ಮತ್ತೆ ಕೂಲಿ. ಆಗದಿದ್ದರೆ ಏನು ಎಂಬುದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ನಾನು ಚಹಾ ಕುಡಿದು ಮುಗಿಸುವ ಮೊದಲೇ ಶಾಂತಾ ಬರಿಗಾಲಲ್ಲಿ ಹೊರಟು ನಿಂತಳು. ಹಳೆ ಗೋವೆಯ ಚರ್ಚಿನ ಸಂತನಿಗೆ, ಇಲ್ಲಿಯವರು ಬಾಯಿತುಂಬ ‘ಸಾಯ್ಬ’, ಅಂದರೆ ಒಡೆಯ, ಎನ್ನುವವನಿಗೆ, ಹರಕೆ ಹೊತ್ತಿದ್ದಳಂತೆ. ಸಂಕಟ ಬಂದಾಗ ವೆಂಕಟರಮಣ, ಗೋವೆಯಲ್ಲಾದರೆ ಸಾಯ್ಬ ಎಂದು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ. ಬಸ್ಸಿದೆಯಲ್ಲ ಎಂದರೆ ನಡೆದೇ ಹೋಗಬೇಕು ಎಂದಳು. ಡಿಸೆಂಬರಾದರೂ ಬಿಸಿಲು ಚುರುಗುಟ್ಟುತ್ತಿತ್ತು. ಜಪಮಾಲೆ ಹಿಡಿದವರು, ಕುಂಕುಮ ಇಟ್ಟವರು ಎಲ್ಲರೂ ಸಂತನ ಹಬ್ಬಕ್ಕೆಂದು ಅದೇ ದಾರಿಯಲ್ಲಿದ್ದರು. ನಾನೊಬ್ಬನೇ ಗಳಿಗೆಗೊಮ್ಮೆ ಮುಂದೆ ಓಡಿ, ನಿಂತು, ಅವಳಿಗಾಗಿ ಕಾಯುತ್ತಿದ್ದೆ.

ಚರ್ಚಿನ ಹೊರಗೆ ಮೇಣದ ಕೈ, ಕಾಲು, ಕೂಸು ಮಾರುತ್ತಿದ್ದರು. ನೋವಿದ್ದ ಅಂಗವನ್ನು ಸಂತನಿಗೆ ಒಪ್ಪಿಸುವುದು ಇಲ್ಲಿಯ ಪದ್ಧತಿ. ನಮ್ಮ ಕಡೆ ದೇವರಿಗೆ ಬೆಳ್ಳಿ ಪಾದ ಕೊಟ್ಟರೆ ಜೋಡಿಯೇ ಕೊಡಬೇಕಲ್ಲ. ನಾನೇ ಮುಂದಾಗಿ ಎರಡು ಕಾಲು ಕೊಂಡೆ. ಶಾಂತಾ ಕಣ್ಣುಮುಚ್ಚಿ ಎರಡನ್ನೂ ಒಳಗಿನ ಪೆಟ್ಟಿಗೆಯಲ್ಲಿಟ್ಟಳು. ಪಕ್ಕದ ಮುದುಕಿ, ಎರಡೂ ಕಾಲು ಹೋಗಿವೆಯೇ ಎಂದು ಕೊಂಕಣಿಯಲ್ಲಿ ಮರುಗಿದಳು. ಒಂದೇ ಎಂದಾಗ, ಹಾಗಿದ್ದರೆ ಒಂದೇ ಕೊಡಬೇಕಿತ್ತು ಎಂದಳು.

ಶಾಂತಾಳ ಮುಖ ಬಿಳಿಚಿಕೊಂಡಿತು. “ಚಲೋ ಕಾಲೂ ಬ್ಯಾನಿ ಕಾಲಿನ ಲೆಕ್ಕಕ್ಕ ಹೋತಲ್ಲಣ್ಣಾ.”

ಇಂಥದನ್ನೆಲ್ಲ ನಂಬದ ನನಗೂ ಎದೆ ಧಸಕ್ಕೆಂದಿತು. ಒಂದನ್ನು ಬೇಗ ತೆಗೆದುಕೊ ಎಂದೆ. ಅವಳು ಪೆಟ್ಟಿಗೆಗೆ ಕೈ ಹಾಕಿದಳು. ಅಷ್ಟರಲ್ಲಿ ಹಿಂದಿನವರು ಇಟ್ಟ ಕಾಲುಗಳೂ ಮೇಲೆ ಬಿದ್ದಿದ್ದವು, ಎಲ್ಲವೂ ಒಂದೇ ಅಚ್ಚಿನವು. ಸಾಲು ನೂಕುತ್ತಿತ್ತು. ಯಾವುದಾದರೇನು, ಎತ್ತು ಎಂದು ಅವಸರಿಸಿದೆ. ಅವಳು ಬರಿಗೈಯನ್ನು ಹಿಂದಕ್ಕೆ ತೆಗೆದಳು.

“ಬ್ಯಾಡಣ್ಣಾ. ಬ್ಯಾರೇರದು ತಗೊಂಡ್ರ, ಅವರ ಮನ್ಯಾಗಿನವ್ರು ಏಳೂದು ಹೆಂಗ?”

ಬಸ್ಸಿನಲ್ಲಿ ಮರಳುವಾಗ ನನ್ನ ಬುದ್ಧಿವಂತಿಕೆಯನ್ನು ನಾನೇ ಶಪಿಸಿಕೊಂಡೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಬಿಚ್ಚಿದರು. ಈರಪ್ಪ ಗೋಡೆ ಹಿಡಿದು ಎದ್ದ. ಬಲಗಾಲು ಮೆಲ್ಲಗೆ ನೆಲಕ್ಕೂರಿ ಭಾರ ತಡೆಯಿತು. ಡಾಕ್ಟರು ಅದನ್ನೇ ನೋಡುತ್ತ ಭೇಷ್ ಎಂದರು. ಶಾಂತಾ ಮತ್ತು ನಾನು ಮಾತ್ರ ಅವನ ಎಡಗಾಲಿನಿಂದ ಕಣ್ಣು ಕಿತ್ತಿರಲಿಲ್ಲ.