ಕ್ಯಾಂಟೀನಕ್ಕ ಹಚ್ಚದ ದೀಪ

ಮೊನ್ನೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಹೋಟೆಲಿನಿಂದ ಹುರುಳಿಕಾಳಿನ ಬಸ್ಸಾರಿನ ವಾಸನೆ ಬಂತು. ಬಸ್ಸು ಹತ್ತಲು ಎತ್ತಿದ ಕಾಲು ಹಾಗೇ ನಿಂತಿತು. ನಮ್ಮ ಕ್ಯಾಂಟೀನಕ್ಕ ನೆನಪಾದಳು... ನೆನಪಿನ ಜೊತೆಗೇ ಸಿಟ್ಟೂ ಬಂತು.

ಹಾಸನದ ಹೊರಗಿನ ಗಾರ್ಮೆಂಟ್ಸ್‌ನಲ್ಲಿ ಆಗಲೂ ಈಗಲೂ ನಾನು ಹೊಲಿಗೆ ಮಷಿನ್ನಿನ ಮುಂದೆ ಕೂತವಳು. ಆಕೆ ಸಾಲಗಾಮೆ ಕಡೆಯವಳು, ಕ್ಯಾಂಟೀನಿನಲ್ಲಿ ಅಡುಗೆಗೆ ಸೇರಿದ್ದಳು. ನಾನು ಅವಸರದಲ್ಲಿ ತಟ್ಟೆ ಬಿಟ್ಟು ಏಳಹೋದರೆ ಇನ್ನೊಂದು ಸೌಟು ಬಸ್ಸಾರು ಸುರಿದು, "ಉಣ್ಣವ್ವ, ಮಿಷಿನ್ ಎಲ್ಲೂ ಓಗಾಕಿಲ್ಲ" ಎನ್ನುತ್ತಿದ್ದಳು.

ಆಕೆಯ ಮನೆಯಲ್ಲಿ ಬುದ್ಧನ ಪಟವಿದೆ, ಆಕೆ ಕೇರಿಯವಳು ಎಂದು ಯಾರೋ ಸುದ್ದಿ ತಂದರು. ನಮ್ಮ ಜಾತಿಯವರೇ ಕೆಲವರು ತಟ್ಟೆ ಮುಟ್ಟದೆ ಮನೆಯಿಂದ ಬುತ್ತಿ ತರತೊಡಗಿದರು. ಮ್ಯಾನೇಜರು ಅವರಿಗೆ ಬುದ್ಧಿ ಹೇಳಲಿಲ್ಲ. ಅಕ್ಕನನ್ನೇ ಕರೆದು, "ಗಲಾಟೆ ಬೇಡ ಕಣಮ್ಮ, ನಾಳೆಯಿಂದ ಕಸ ಗುಡಿಸ್ಕೊಂಡಿರು" ಎಂದರು. ಅಕ್ಕ ಸೌಟಿಟ್ಟು ಪೊರಕೆ ಹಿಡಿದಳು.

ಕೆಲವು ತಿಂಗಳಾಗಿರಬೇಕು... ನಮ್ಮ ಬಟ್ಟೆ ಕೊಳ್ಳುವ ಹೊರದೇಶದವರು ಬರುತ್ತಾರೆಂದು ಕಂಪನಿ ಸಮಾನತೆಯ ದಿನ ಆಚರಿಸಿತು. ಬ್ಯಾನರು, ಬಲೂನು, ನಮಗೆಲ್ಲ ನೀಲಿ ಟೀ ಶರ್ಟು. ದೀಪ ಹಚ್ಚಲು ವೇದಿಕೆಗೆ ಕರೆದದ್ದು ಯಾರನ್ನು? ಅಕ್ಕನನ್ನೇ! ಫೋಟೊದವನು ಕಾದು ನಿಂತಿದ್ದ. ಮ್ಯಾನೇಜರು ನಗುತ್ತ ಉರಿಯುವ ಮೇಣದಬತ್ತಿಯನ್ನು ಅವಳ ಕೈಗಿತ್ತರು.

ಅಕ್ಕ ದೀಪದ ಕಡೆ ನೋಡಲಿಲ್ಲ. ಮೈಕಿನ ಮುಂದೆಯೇ ಕೇಳಿದಳು: "ಸಾ, ಈ ಕೈ ದೀಪ ಹಚ್ಚಕ್ಕಾಯ್ತದೆ, ಅನ್ನ ಇಕ್ಕಕ್ಕಾಗಲ್ವಾ?"

ಬತ್ತಿಯನ್ನು ಊದಿ ಆರಿಸಿ, ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಬಂದಳು.

ಮರುದಿನ ಅಕ್ಕನನ್ನು ಗೇಟಿನಲ್ಲೇ ತಡೆದರು. ಅಶಿಸ್ತಂತೆ! ನಾವೊಂದಷ್ಟು ಹೆಂಗಸರು ಗೇಟಿನ ಮುಂದೆ ಕೂತುಬಿಟ್ಟೆವು. ಅವಳೇ ಒಬ್ಬೊಬ್ಬರ ರಟ್ಟೆ ಹಿಡಿದು ಎಬ್ಬಿಸಿದಳು. "ನೀವ್ಯಾಕ್ರವ್ವ ಕೆಲ್ಸ ಕಳ್ಕಂಡೀರಿ? ಒಳೀಕೋಗಿ." ಆಮೇಲೆ ಎಲ್ಲೋ ಕೂಲಿಗೆ ಹೋಗುತ್ತಿದ್ದಳಂತೆ... ತೀರಿಕೊಂಡ ಸುದ್ದಿಯೂ ನನಗೆ ತಡವಾಗಿಯೇ ಮುಟ್ಟಿತು. ಮಣ್ಣಿಗೂ ಹೋಗಲಾಗಲಿಲ್ಲ.

ಈಗ ಬಾಗೂರು, ಹೊಳೆನರಸೀಪುರ, ಅರಕಲಗೂಡಿನಿಂದ ಬರುವ ಹುಡುಗಿಯರು ಒಬ್ಬರ ಡಬ್ಬಿಗೊಬ್ಬರು ಕೈಹಾಕಿ ಉಣ್ಣುತ್ತಾರೆ. ಯಾವ ಜನ ಎಂದು ಸೂಪರ್‌ವೈಸರ್ ಕೇಳಿದರೆ, "ಅದ್ಯಾಕ್ ಬೇಕು ನಿಮ್ಗೆ?" ಎಂದು ಮುಖಕ್ಕೆ ಹೊಡೆದಂತೆ ಅನ್ನುತ್ತಾರೆ. ಅವರು ಕೂತು ಉಣ್ಣುವ ಫೋಟೊವನ್ನು ಕಂಪನಿ ಗೋಡೆಯಷ್ಟಗಲ ಅಂಟಿಸಿದೆ. ಕೆಳಗೆ ಬರೆದಿದೆ: 'ನಾವು ತಂದ ಬದಲಾವಣೆ'.

ಏನು ತಂದಿರಿ ಸ್ವಾಮಿ ನೀವು? ಕೇಳಿದವಳನ್ನು ಹೊರಗೆ ಹಾಕಿದಿರಿ, ಅಷ್ಟೇ. ದಿನಾ ಆ ಗೋಡೆ ದಾಟಿಯೇ ಮಷಿನ್ನಿಗೆ ಹೋಗುತ್ತೇನೆ, ಮೈ ಉರಿಯುತ್ತದೆ. ಆ ಹುಡುಗಿಯರ ನಡುವೆ ಕೂತು ಉಣ್ಣಬೇಕಾಗಿದ್ದವಳು ಮಾತ್ರ ಇಲ್ಲ.