ಚೆಲ್ಲೊಗೆ ಇಟ್ಟ ಕುಂಕುಮ

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಒಮ್ಮೆ ಕಾಫಿಯ ನೆಪ, ಒಮ್ಮೆ ಕಣ್ಣಿನ ನೆಪ. ಮೇಷ್ಟ್ರು ಇರುವ ತನಕ ಬೇಡ ಎಂದುಕೊಂಡೆ. ಅವರು ತೀರಿಕೊಂಡ ಮೇಲೆ, ಇನ್ನು ಬರೆದು ಯಾರಿಗೇನು ಎಂದುಕೊಂಡೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಬರೆಯದೆ ಇರಲು ಅದನ್ನೂ ಒಂದು ಕಾರಣ ಮಾಡಿಕೊಂಡಿದ್ದೆ.

ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ನನ್ನನ್ನು ತಮ್ಮ ಅಮೆರಿಕಕ್ಕೆ ಕರೆಸಿಕೊಂಡಿದ್ದು ೨೦೦೮ರಲ್ಲಿ. ಅವನು ಸ್ಯಾನ್ ಡಿಯಾಗೊದಲ್ಲಿ ಟೆಲಿಕಾಂ ಇಂಜಿನಿಯರ್. ಅವನ ಮಗಳು ಶಾಲೆಯಲ್ಲಿ ಚೆಲ್ಲೊ ಕಲಿಯುತ್ತಿದ್ದಳು. ಚೆಲ್ಲೊ ಎಂದರೆ ಪಿಟೀಲಿಗೆ ಅಣ್ಣ ಎನ್ನಬಹುದು. ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯಬೇಕು. ಅವಳ ಗುರುಗಳು ರಷ್ಯಾದವರು, ದೊಡ್ಡ ಹೆಸರಿನ ವಾದಕರು. ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ನಲ್ಲಿ ಒಬ್ಬರೇ ಇದ್ದರು. ವಾರಕ್ಕೊಮ್ಮೆ ಪಾಠ ಹೇಳಲು ಸ್ಯಾನ್ ಡಿಯಾಗೊಗೆ ಬರುತ್ತಿದ್ದರು. ಕಣ್ಣು ಮಂಜಾಗಿ ಡ್ರೈವ್ ಮಾಡುವುದು ಕಷ್ಟವಾದಾಗ, "ನಮ್ಮ ದೊಡ್ಡಪ್ಪ ಇದ್ದಾರೆ" ಎಂದು ಅವಳೇ ಹೇಳಿದ್ದಳಂತೆ. ನನಗೆ ಕೆಲಸ ಕೊಡಿಸಿದ್ದು ಆ ಹುಡುಗಿ. ಆ ಗುರುಗಳ ಮನೆಯ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ನನ್ನ ವಾಸವಾಯಿತು.

ನಮ್ಮಿಬ್ಬರ ಇಂಗ್ಲಿಷೂ ಹರಕು. ಅದರಲ್ಲೇ ಹೇಗೋ ಮಾತು ನಡೆಯುತ್ತಿತ್ತು. ಅವರು ನನ್ನನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ನಾನು ಅವರನ್ನು ಎದುರಿಗೆ ಸಾರ್, ಮನಸ್ಸಿನಲ್ಲಿ ಮೇಷ್ಟ್ರು ಎನ್ನುತ್ತಿದ್ದೆ. ಚೆಲ್ಲೊವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಬೇಕು, ತಾವು ಅದರ ಪಕ್ಕ ಕೂರಬೇಕು.

"ನಿಧಾನ, ಕ್ಯಾಪ್ಟನ್. ನಾನು ಸತ್ತರೆ ಇನ್ನೊಬ್ಬ ಮುದುಕ ಸಿಗ್ತಾನೆ. ಇದು ಹೋದರೆ ಸಿಗಲ್ಲ."

"ನಾನು ಹೋದರೆ ಸಾರ್?"

"ಅಯ್ಯೋ, ನೀನು ಹೋದರೆ ಪಾರ್ಕಿಂಗ್ ಯಾರು ಹುಡುಕ್ತಾರೆ?"

ಫ್ರೀವೇಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಾಗ ಅವರ ಕಥೆ ಹೊರಬರುತ್ತಿತ್ತು. ತಂದೆ ರೈಲ್ವೆಯಲ್ಲಿ ಕಂದೀಲು ಹಿಡಿಯುವ ಕೆಲಸದವರು. ಇವರು ಮೊದಲು ಕಲಿತ ವಾದ್ಯದ ಹಿಂಬದಿ ಒಡೆದುಹೋಗಿ, ಅಲ್ಲಿಗೆ ಪೆಟ್ಟಿಗೆಯ ಹಲಗೆ ಅಂಟಿಸಿದ್ದರಂತೆ. ಚಳಿಗೆ ಬೆರಳು ಸೆಟೆದುಕೊಂಡರೆ ತಾಯಿ ಬೇಯಿಸಿದ ಆಲೂಗಡ್ಡೆಯನ್ನು ಕೈಗೆ ಕೊಡುತ್ತಿದ್ದರು. ಬಿಸಿ ಆರಿದ ಮೇಲೆ ಅದೇ ಊಟ. ಹರೆಯದಲ್ಲೇ ದೊಡ್ಡ ಸ್ಪರ್ಧೆ ಗೆದ್ದರು. ಸರ್ಕಾರಕ್ಕೆ ಆಗದ ಗೆಳೆಯನೊಬ್ಬನನ್ನು ಮನೆಯಲ್ಲಿಟ್ಟುಕೊಂಡ ತಪ್ಪಿಗೆ ಹೊರದೇಶದ ಸಂಗೀತ ಕಛೇರಿಗಳೆಲ್ಲ ನಿಂತುಹೋದವು. ಎಷ್ಟೋ ವರ್ಷ ಕಾರ್ಖಾನೆಯ ಕ್ಯಾಂಟೀನುಗಳಲ್ಲಿ, ಹಡಗುಕಟ್ಟೆಗಳಲ್ಲಿ ನುಡಿಸಿದರು. "ಅಲ್ಲೇ ಚೆನ್ನಾಗಿ ನುಡಿಸಿದ್ದು" ಎನ್ನುತ್ತಿದ್ದರು. ಕೊನೆಗೆ ದೇಶದಿಂದ ಹೊರಗೆ ಬಿಟ್ಟಾಗ ಅವರ ಜೊತೆ ಬಂದದ್ದು ಈ ಹಳೆಯ ಚೆಲ್ಲೊ ಒಂದೇ. ಆಮೇಲೆ ಪ್ಯಾರಿಸ್, ಲಂಡನ್, ನ್ಯೂಯಾರ್ಕ್; ಎದ್ದು ನಿಂತು ಚಪ್ಪಾಳೆ ತಟ್ಟುವ ಸಭೆಗಳು.

ನಾನು ಕೆಲಸಕ್ಕೆ ಸೇರಿದ ಮರುವರ್ಷ ಅವರು ತಮ್ಮ ಕೊನೆಯ ಕಛೇರಿಗೆ ತಯಾರಾಗುತ್ತಿದ್ದರು. ಅದರ ಕೊನೆಯಲ್ಲಿ ನನ್ನ ತಮ್ಮನ ಮಗಳು ಇದೇ ಚೆಲ್ಲೊದಲ್ಲಿ ನುಡಿಸಬೇಕು, ಸಂಗೀತ ಕಾಲೇಜು ನಡೆಸುವ ತಮ್ಮ ಹಳೆಯ ಸ್ನೇಹಿತರು ಬಂದು ಕೇಳಬೇಕು ಎಂದು ನಿಶ್ಚಯಿಸಿದ್ದರು. ಬೇರೆ ಯಾವ ಶಿಷ್ಯರಿಗೂ ಅವರು ಅದನ್ನು ಮುಟ್ಟಲು ಬಿಟ್ಟವರಲ್ಲ. ಹುಡುಗಿಗೆ ಮುಂದೆ ಸಂಗೀತವೇ ಜೀವನ ಎಂದು ಮನೆಯಲ್ಲೂ ಒಪ್ಪಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಟ್ಯಾಕ್ಸಿ ಓಡಿಸಿದವನಿಗೆ ಅದಕ್ಕಿಂತ ದೊಡ್ಡ ಹಬ್ಬ ಯಾವುದಿದೆ? ವೆಸ್ಟ್ ಕೊವಿನಾ ಕಡೆಯ ಇಂಡಿಯನ್ ಅಂಗಡಿಯಿಂದ ಬೂದುಗುಂಬಳ ತಂದಿದ್ದೆ. ಬೆಳಿಗ್ಗೆ ಗ್ಯಾರೇಜಿನಲ್ಲಿ ಕಾರು ತೊಳೆದು, ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟೆ. ಚೆಲ್ಲೊ ಆಗಲೇ ಹಿಂದಿನ ಸೀಟಿನಲ್ಲಿತ್ತು. ಒಳಗೆ ಮೇಷ್ಟ್ರು ಚಹಾ ಕುಡಿಯುತ್ತಿದ್ದರು. ಕಾರಿಗೆ ಪೂಜೆ ಮಾಡಿ, ಆ ಮನುಷ್ಯನಿಗೆ ಅನ್ನ ಕೊಟ್ಟ ವಾದ್ಯವನ್ನು ಬಿಡುವುದು ಹೇಗೆ ಅನ್ನಿಸಿತು. ಪೆಟ್ಟಿಗೆ ತೆರೆದೆ. ನುಣುಪು ಮೈಗೆ ಒಣ ಕುಂಕುಮ ನಿಲ್ಲುವುದಿಲ್ಲವೆಂದು ಗಂಧದ ನೀರಿನಲ್ಲಿ ಕಲಸಿ ಇಟ್ಟು ಕೈಮುಗಿದೆ.

ಅದು ಇಳಿಯತೊಡಗಿತು. ಬಟ್ಟೆಯಲ್ಲಿ ಒರೆಸಿದರೆ ಕೆಂಪು ಇನ್ನಷ್ಟು ಹರಡಿತು. ಕಾರಿನ ಬಾಗಿಲಲ್ಲಿ ಕೈಗೆ ಹಚ್ಚುವ ಸ್ಯಾನಿಟೈಸರ್ ಇತ್ತು. ಅದನ್ನು ಟಿಶ್ಯೂಗೆ ಸುರಿದು ಉಜ್ಜಿದೆ. ಟಿಶ್ಯೂ ಕಂದು ಬಣ್ಣಕ್ಕೆ ತಿರುಗಿತು. ಕುಂಕುಮದ ಜೊತೆ ಹಳೆಯ ವಾರ್ನಿಷ್ಷೂ ಕಿತ್ತು ಬಂದಿತ್ತು. ಅಂಗೈಯಗಲ ಬೋಳು ಮರ ಕಾಣುತ್ತಿತ್ತು. ಒಳಗಿನಿಂದ ಮೇಷ್ಟ್ರ ಕೆಮ್ಮು ಕೇಳಿಸಿತು. ಪೆಟ್ಟಿಗೆ ಮುಚ್ಚಿದೆ.

ಕಾರಿನ ಹೂವು ನೋಡಿ ಅವರು, "ಇವತ್ತು ಇದರ ಮದುವೆಯಾ?" ಎಂದು ನಕ್ಕರು. ದಾರಿಯುದ್ದಕ್ಕೂ ಹೇಳಲು ಅವಕಾಶವಿತ್ತು. ನಾನು ಹೇಳಲಿಲ್ಲ.

ಪಾಠದ ಕೋಣೆ ಸ್ಯಾನ್ ಡಿಯಾಗೊದ ಟೊರ್ರಿ ಪೈನ್ಸ್ ಹತ್ತಿರ. ಪೆಟ್ಟಿಗೆ ತೆರೆದು ಶ್ರುತಿ ಮಾಡಿಡುವುದು ಹುಡುಗಿಯ ಕೆಲಸ. ಕೈ ಶುದ್ಧ ಮಾಡಿಕೊಳ್ಳದೆ ಮುಟ್ಟಬಾರದೆಂದು ಮೇಷ್ಟ್ರೇ ಕಲಿಸಿದ್ದರು. ಅವಳು ಹಚ್ಚಿಕೊಳ್ಳುತ್ತಿದ್ದುದೂ ಸ್ಯಾನಿಟೈಸರೇ. ಮೇಷ್ಟ್ರು ಒಳಗೆ ಹೋದಾಗ ಅವಳು ಚೆಲ್ಲೊ ಹಿಡಿದು ಸುಮ್ಮನೆ ನಿಂತಿದ್ದಳು. ಅವರು ಬೋಳಾದ ಜಾಗವನ್ನು ಬೆರಳಿನಿಂದ ಸವರಿದರು. ಆಮೇಲೆ ಅವಳ ಕೈ ಹಿಡಿದು ಮೂಸಿದರು.

"ಒರೆಸಿದೆಯಾ?"

"ನಾನಲ್ಲ."

ಅವರು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. "ಕ್ಯಾಪ್ಟನ್, ನೀನು ಪೆಟ್ಟಿಗೆ ತೆಗೆದಿದ್ದೆಯಾ?"

"ಇಲ್ಲ ಸಾರ್."

ಹುಡುಗಿ ನನ್ನ ಹಣೆಯ ಕುಂಕುಮವನ್ನು ನೋಡಿದಳು, ಮತ್ತೆ ಚೆಲ್ಲೊದ ಅಂಚಿನ ಸಂದಿಯನ್ನು ನೋಡಿದಳು. ಅಲ್ಲಿ ಕೆಂಪು ಉಳಿದಿತ್ತೆಂದು ನನಗೆ ಆಮೇಲೆ ಗೊತ್ತಾಯಿತು. ಅವಳಿಗೆ ಅರ್ಥವಾಗಿತ್ತು. ಆದರೂ ಬಾಯಿ ಬಿಡಲಿಲ್ಲ.

"ವಾರ್ನಿಷ್ ಮತ್ತೆ ಹಚ್ಚಿಸಬಹುದು" ಎಂದರು ಮೇಷ್ಟ್ರು ಅವಳಿಗೆ. "ಸುಳ್ಳು ಹೇಳುವವರಿಗೆ ನಾನು ಕಲಿಸಲಾರೆ. ನೀನು ಹೋಗು."

ಸಂಜೆ ತಮ್ಮನ ಮನೆಯಲ್ಲಿ ಹಬ್ಬದೂಟ. ತಮ್ಮ ಮಗಳನ್ನು ಬಯ್ಯುತ್ತಲೇ ಇದ್ದ. "ದೊಡ್ಡಪ್ಪನ ಮುಖ ನೋಡಾದ್ರೂ ನಿಜ ಹೇಳ್ಬಾರ್ದಿತ್ತಾ? ಅವರ ಕೆಲಸಕ್ಕೇ ಕುತ್ತು ಬಂದಿದ್ರೆ?"

"ಐ ಡಿಡಂಟ್ ಡೂ ಇಟ್" ಎಂದು ಅವಳು ತಟ್ಟೆ ನೋಡಿಕೊಂಡೇ ಹೇಳಿದಳು.

"ಹಾಗಾದ್ರೆ ಯಾರು, ದೆವ್ವ ಬಂದು ಒರೆಸ್ತಾ?"

"ಹಬ್ಬದ ದಿನ ಬಿಡ್ರೀ" ಎಂದಳು ತಮ್ಮನ ಹೆಂಡತಿ. "ಭಾವ, ಇನ್ನೊಂದು ಹೋಳಿಗೆ ಹಾಕ್ಲಾ?"

ನಾನು ಹಾಕಿಸಿಕೊಂಡೆ.

ಕಛೇರಿ ನಡೆಯಿತು. ಮೇಷ್ಟ್ರು ಬೋಳು ಜಾಗವನ್ನು ಹಾಗೇ ಬಿಟ್ಟು ಕೊನೆಯವರೆಗೂ ತಾವೇ ನುಡಿಸಿದರು. ಹುಡುಗಿ ಆಮೇಲೆ ಕಮಾನು ಮುಟ್ಟಲಿಲ್ಲ. ಬಯಾಲಜಿ ಓದಿ ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಒಳ್ಳೆಯ ಕೆಲಸ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ.

ವರ್ಷಗಳು ಕಳೆದು ಮೇಷ್ಟ್ರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಸೂಪು ಕುಡಿಸುತ್ತಿದ್ದಾಗ, ಚೆಲ್ಲೊವನ್ನು ಯಾರಿಗೆ ಬಿಟ್ಟುಹೋಗಲಿ ಎಂದು ಕೇಳಿದರು. ಕೊಡಲು ಯಾರೂ ಇಲ್ಲ ಎಂದು ತಾವೇ ಹೇಳಿಕೊಂಡರು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿ, ಅವರ ಕಾಲು ಹಿಡಿದುಕೊಂಡೆ. ಅವರು ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಕೆಂಪು ಯಾಕೆ ಹಚ್ಚಿದೆ?"

"ಅನ್ನ ಕೊಡೋದಕ್ಕೆ ವರ್ಷಕ್ಕೊಂದು ಸಲ ಕೈಮುಗೀತೀವಿ ಸಾರ್."

"ಇಷ್ಟು ಊರುಗಳಲ್ಲಿ ಜನ ನನಗೆ ಕೈಮುಗಿದರು. ಇದಕ್ಕೆ ಯಾರೂ ಮುಗಿದಿರಲಿಲ್ಲ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, "ಹುಡುಗಿಯನ್ನು ಕರೆಸು" ಎಂದರು.

ಅವಳು ರೈಲಿನಲ್ಲಿ ಬಂದಳು. ಮೇಷ್ಟ್ರು ದಿಂಬಿಗೆ ಒರಗಿ, ಅವಳ ಎರಡೂ ಕೈ ಹಿಡಿದು, "ನಾನು ನಿನ್ನ ಮಾತು ನಂಬಬೇಕಿತ್ತು. ಕ್ಷಮಿಸು" ಎಂದರು. ಚೆಲ್ಲೊ ನಿನ್ನದು ಎಂದರು. ಅವಳು ಅದನ್ನು ತುಂಬ ಹೊತ್ತು ನೋಡಿ, "ನನ್ನ ಬೆರಳಿಗೆ ಈಗ ಏನೂ ಬರಲ್ಲ ಸರ್, ಬರುವವರಿಗೆ ಕೊಡಿ" ಎಂದಳು. ಅವರು ಅತ್ತರು. ಪಿಂಗಾಣಿ ಲೋಟ ಹಿಡಿದು ನಾನು ಅಲ್ಲೇ ನಿಂತಿದ್ದೆ. ನನ್ನ ಹೆಸರನ್ನು ಅವರು ಎತ್ತಲಿಲ್ಲ. ಆ ಮಾತು ನನ್ನಿಂದಲೇ ಬರಲೆಂದು ಬಿಟ್ಟಿದ್ದರು.

ಅವಳನ್ನು ಸ್ಟೇಷನ್ನಿಗೆ ಬಿಡಲು ಹೋದೆ. ಕಾರಿನಲ್ಲಿ ಇಬ್ಬರೇ. ಹೇಳಬೇಕೆಂದ ಮಾತನ್ನು ಪ್ರತಿ ಸಿಗ್ನಲ್ಲಿನಲ್ಲೂ ಮುಂದಿನದಕ್ಕೆ ದೂಡಿದೆ.

"ದೊಡ್ಡಪ್ಪ" ಎಂದಳು. ಮುಂದಿನದನ್ನು, ಎಂದೂ ಇಲ್ಲದೆ, ಕನ್ನಡದಲ್ಲಿ ಕೇಳಿದಳು: "ನೀವು ಏನಾದ್ರೂ ಹೇಳ್ಬೇಕಾ?"

"ಏನಿಲ್ಲಮ್ಮ. ಟ್ರಾಫಿಕ್ ಜಾಸ್ತಿ ಇದೆ, ಅದಕ್ಕೇ."

ಅವಳು ತಲೆಯಾಡಿಸಿದಳು. ಸ್ಟೇಷನ್ನಿನಲ್ಲಿ ಇಳಿದು, ಬ್ಯಾಗು ಹೆಗಲಿಗೇರಿಸಿ, ಹಿಂದೆ ನೋಡದೆ ನಡೆದಳು.

ಮೇಷ್ಟ್ರು ೨೦೧೯ರಲ್ಲಿ ಹೋದರು. ಅವರು ನನ್ನನ್ನು ಕ್ಷಮಿಸಿದ್ದರು, ಆ ಭಾರ ನನಗಿಲ್ಲ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಅದು ಗೊತ್ತಿದ್ದೇ ನಾನು ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಇವತ್ತಿಗೂ ನಾನು ಕ್ಷಮೆ ಕೇಳದೆ ಇರುವುದು ಒಬ್ಬಳನ್ನೇ, ನನ್ನ ತಮ್ಮನ ಮಗಳನ್ನು.